ಸುಣ್ಣದ ಬೊಟ್ಟಿಟ್ಟ ಕ್ಯಾಮೆರಾ

"ಬುದ್ಧಿ, ಮಾತನ್ನೇ ಬಿಟ್ಟುಬಿಡಲು ಅಪ್ಪಣೆ ಕೊಡುತ್ತೀರಾ?"

ಮಧ್ಯಾಹ್ನದ ಪಂಕ್ತಿ ಮುಗಿದಿತ್ತು. ಗುರುಗಳು ಮಠದ ಒಳಜಗಲಿಯಲ್ಲಿ ಕುಳಿತು ಕನ್ನಡಕದ ಗಾಜು ಒರೆಸುತ್ತಿದ್ದರು. ಕೇಳಿದವನು ಮರುಳಸಿದ್ಧ. ಮಠಕ್ಕೆ ಬಂದು ಎರಡು ವರ್ಷವಾದ ಶಿಷ್ಯ. ದಾಸೋಹದಲ್ಲಿ ಬಡಿಸುವುದು ಅವನ ಕೆಲಸ. ಅವನು ಬಡಿಸಲು ನಿಂತರೆ ಪಂಕ್ತಿಯಲ್ಲಿ ನಗು ಇರುತ್ತಿತ್ತು. ಸಂಕೋಚದವರನ್ನು ರೇಗಿಸಿ, ಮುನಿದವರನ್ನು ಮಾತಾಡಿಸಿ, ಸಾಕು ಎಂದವರ ಎಲೆಗೂ ಇನ್ನೊಂದು ರೊಟ್ಟಿ ಹಾಕಿಬಿಡುತ್ತಿದ್ದ.

"ಎಷ್ಟು ದಿನಕ್ಕೆ ಬಿಡುವುದು?" ಎಂದರು ಗುರುಗಳು.

"ಬದುಕಿರುವವರೆಗೆ."

ಗುರುಗಳು ಕನ್ನಡಕ ಹಾಕಿಕೊಂಡು ಅವನ ಮುಖ ನೋಡಿದರು. "ಬಂದ ವರ್ಷ ಉಪ್ಪು ಬಿಟ್ಟೆ. ಆಮೇಲೆ ಚಾಪೆ ಬಿಟ್ಟೆ. ಯುಗಾದಿಗೆ ಚಪ್ಪಲಿ ಬಿಟ್ಟು, ಕಾಲಿಗೆ ಮುಳ್ಳು ಹೊಕ್ಕು ಎಂಟು ದಿನ ಕುಂಟಿದೆ. ಈಗ ಮಾತಿನ ಸರದಿಯೋ? ಏನಾಯಿತು, ಹೇಳು."

ಮರುಳಸಿದ್ಧ ಹೇಳಿದ. ಇಂದು ಪಂಕ್ತಿಯಲ್ಲಿ ಒಬ್ಬ ಅಜ್ಜಿ ಕುಳಿತಿದ್ದಳು. ಎಲ್ಲಿಂದಲೋ ಒಬ್ಬಳೇ ಬಂದವಳು. ಯಾರೂ ನೋಡುತ್ತಿಲ್ಲವೆಂದು ಒಂದು ರೊಟ್ಟಿಯನ್ನು ಮಡಚಿ ಸೆರಗಿನ ತುದಿಗೆ ಕಟ್ಟಿಕೊಳ್ಳುತ್ತಿದ್ದಳು. ಮರುಳಸಿದ್ಧ ನೋಡಿದ. ಎಲ್ಲರನ್ನೂ ರೇಗಿಸುವ ಹಾಗೆ ಅವಳನ್ನೂ ರೇಗಿಸಿದ. "ಏನಜ್ಜಿ, ರೊಟ್ಟಿಗೂ ಸೀರೆ ಉಡಿಸ್ತಾ ಇದ್ದೀಯಾ?" ಎಂದ. ಇಡೀ ಪಂಕ್ತಿ ನಕ್ಕಿತು. ಅಜ್ಜಿ ನಗಲಿಲ್ಲ. ಗಂಟು ಬಿಚ್ಚಿ ರೊಟ್ಟಿಯನ್ನು ಎಲೆಗೆ ಹಾಕಿ, ಉಣ್ಣುತ್ತಿದ್ದ ಅನ್ನವನ್ನೂ ಬಿಟ್ಟು ಎದ್ದುಹೋದಳು. ಈಗ ಮಠದ ಹೆಬ್ಬಾಗಿಲ ಕಲ್ಲಿನ ಮೇಲೆ ತನ್ನ ಬಟ್ಟೆಯ ಗಂಟು ಇಟ್ಟುಕೊಂಡು ಬಸ್ಸಿಗೆ ಕಾಯುತ್ತಿದ್ದಾಳೆ.

"ಆ ರೊಟ್ಟಿ ಯಾರಿಗೆ ಒಯ್ಯುತ್ತಿದ್ದಳು, ಕೇಳಿದೆಯಾ?"

"ಇಲ್ಲ ಬುದ್ಧಿ. ತಮಾಷೆಗೆ ಅಂದೆ. ನೋಯಿಸಬೇಕೆಂದು ಖಂಡಿತ ಅಲ್ಲ. ಆದರೆ ಉಣ್ಣುವವರನ್ನು ಎಬ್ಬಿಸಿ ಕಳಿಸಿದ ನಾಲಿಗೆ ನನಗೆ ಬೇಡವೇ ಬೇಡ."

"ಬಸ್ಸು ಎಷ್ಟು ಹೊತ್ತಿಗೆ?"

"ನಾಲ್ಕಕ್ಕೆ."

ಗುರುಗಳು ಅಂಗಳದ ನೆರಳು ನೋಡಿದರು. "ಹೊತ್ತಿದೆ. ಕೂತುಕೋ. ಒಂದು ಕತೆ ಹೇಳುತ್ತೇನೆ. ನಡುವೆ ಬಾಯಿ ಹಾಕಬೇಡ. ಮೌನಿ ಆಗುವವನು ಈಗಿನಿಂದಲೇ ರೂಢಿ ಮಾಡಿಕೋ."

ಮರುಳಸಿದ್ಧ ಕುಳಿತ. ಗುರುಗಳು ಹೇಳತೊಡಗಿದರು.

ಒಬ್ಬ ಫೋಟೋಗ್ರಾಫರ್ ಇದ್ದ. ಕ್ಯಾಮೆರಾಕ್ಕೆ ರೀಲು ಹಾಕುತ್ತಿದ್ದ ಕಾಲ. ಅವನಿಗೆ ಪೇಟೆಯಲ್ಲಿ ಸ್ಟುಡಿಯೋ ಇರಲಿಲ್ಲ. ಒಂದು ಸೈಕಲ್ಲು, ಒಂದು ಚೀಲ, ಒಂದು ಹಳೆಯ ಕ್ಯಾಮೆರಾ. ಊರೂರಿಗೆ ಹೋಗಿ ಮುದುಕ ಮುದುಕಿಯರ ಫೋಟೋ ತೆಗೆಯುವುದು ಅವನ ಕಸುಬು. ಆಗಿನ ಮುದುಕರಿಗೆ ಇಡೀ ಬದುಕಿಗೆ ಒಂದೇ ಫೋಟೋ. ಅದೂ ಮಕ್ಕಳು ದುಂಬಾಲು ಬಿದ್ದರೆ ಮಾತ್ರ. ಅವರು ಹೋದ ಮೇಲೆ ಗೋಡೆಯ ಮೇಲೆ ಉಳಿಯುವ ಮುಖ ಅದೊಂದೇ. ಆ ಫೋಟೋ ಕೆಟ್ಟರೆ ಮುಖವೂ ಹೋಯಿತು. ಇವನಿಗೆ ಅದು ಗೊತ್ತಿತ್ತು. ಪ್ರತಿ ಸಲ ಬಟನ್ ಒತ್ತುವಾಗಲೂ ಎದೆಯಲ್ಲಿ ಒಂದು ಅಳುಕು ಇರುತ್ತಿತ್ತು. ಒಳ್ಳೆಯ ಅಳುಕು ಅದು. ನಾನು ಅಂಥವರನ್ನು ಮೆಚ್ಚುತ್ತೇನೆ.

ಕ್ಯಾಮೆರಾ ಹಳೆಯದಾದರೂ ಗಟ್ಟಿ ಮಾಲು. ಮಾಡಿದವನು ಒಳ್ಳೆಯ ಕಸುಬುದಾರನೇ. ಆದರೆ ಎಲ್ಲರಿಗೂ ಎಲ್ಲವೂ ಇರಲಿ ಎಂದು ಅದರ ಮೈತುಂಬ ಏನೇನೋ ಇಟ್ಟಿದ್ದ. ಬೆಳಕು ಅಳೆಯುವ ಮೀಟರ್ ಇತ್ತು, ಅದು ಸತ್ತು ಎಷ್ಟೋ ವರ್ಷವಾಗಿತ್ತು. ಫ್ಲ್ಯಾಶ್ ಸಿಕ್ಕಿಸುವ ತೂತು ಇತ್ತು, ಇವನ ಹತ್ತಿರ ಫ್ಲ್ಯಾಶೇ ಇರಲಿಲ್ಲ. ಮುಂದುಗಡೆ ಒಂದು ಸಣ್ಣ ಲಿವರ್ ಇತ್ತು. ಅದನ್ನು ಕೊನೆಯವರೆಗೆ ಎಳೆದರೆ ಸಿಕ್ಕಿಕೊಂಡು ನಿಲ್ಲುತ್ತಿತ್ತು. ಆಮೇಲೆ ಬಟನ್ ಒತ್ತಿದರೆ ಫೋಟೋ ತಕ್ಷಣ ಬೀಳುತ್ತಿರಲಿಲ್ಲ. ಕ್ಯಾಮೆರಾ ಗರ್ರ್ ಎಂದು ಹತ್ತು ಎಣಿಸುವಷ್ಟು ಹೊತ್ತು ಸದ್ದು ಮಾಡಿ, ಆಮೇಲೆ ಹೊಡೆಯುತ್ತಿತ್ತು. ಫೋಟೋ ತೆಗೆಯುವವನೂ ಓಡಿಹೋಗಿ ಉಳಿದವರ ಪಕ್ಕ ನಿಲ್ಲಲಿ ಎಂದು ಮಾಡಿದ್ದು ಅದು. ಇವನು ಒಂದು ದಿನವೂ ಹಾಗೆ ಓಡಿಹೋಗಿ ನಿಂತವನಲ್ಲ.

ಒಂದು ದಿನ ಒಂದು ಊರಿನಲ್ಲಿ ತೊಂಬತ್ತು ದಾಟಿದ ಮುದುಕಿಯನ್ನು ಮಕ್ಕಳು ಎತ್ತಿತಂದು ಬಾಗಿಲಲ್ಲಿ ಕೂರಿಸಿದರು. ಊರಿಗೆಲ್ಲ ಹೆರಿಗೆ ಮಾಡಿಸಿದವಳು. ರೀಲಿನಲ್ಲಿ ಉಳಿದಿದ್ದದ್ದು ಒಂದೇ ಒಂದು ಫೋಟೋ. ಮುದುಕಿ ಮೊದಲು ಮುಖ ಗಂಟಿಕ್ಕಿಕೊಂಡಿದ್ದಳು. ಆಮೇಲೆ ನಕ್ಕಳು. ಹಲ್ಲಿಲ್ಲದ ಬಾಯಿ ತೆರೆದು, ಕಣ್ಣು ಮುಚ್ಚಿಹೋಗುವ ಹಾಗೆ ನಕ್ಕಳು. ಇವನು ಬಟನ್ ಒತ್ತಿದ. ಕ್ಯಾಮೆರಾ ಗರ್ರ್ ಎಂದಿತು. ಲಿವರ್ ಯಾವಾಗಲೋ ಹೆಬ್ಬೆರಳಿಗೆ ತಗುಲಿ ಕೊನೆಯವರೆಗೆ ಹೋಗಿ ಸಿಕ್ಕಿಕೊಂಡಿತ್ತು. ಅವನು ಏನು ಮಾಡಿದರೂ ಅದು ನಿಲ್ಲಲಿಲ್ಲ. ಅಷ್ಟು ಹೊತ್ತಿಗೆ ಮುದುಕಿ ನಾಚಿಕೊಂಡು ಮುಖಕ್ಕೆ ಸೆರಗು ಎಳೆದುಕೊಂಡಳು. ಆಗ ಫೋಟೋ ಬಿತ್ತು.

"ಬರುವ ವಾರ ಬರುತ್ತೇನೆ ಅವ್ವಾ" ಎಂದು ಹೇಳಿ ಹೋದ. ಬರುವ ವಾರ ಬಂದ. ಮುದುಕಿ ಇರಲಿಲ್ಲ. ಮಕ್ಕಳು ಇದ್ದ ಫೋಟೋವನ್ನೇ ಕೊಡು ಎಂದರು. ಬೇರೇನು ಮಾಡಿಯಾರು? ಒಂದು ಸೆರಗು, ಅದನ್ನು ಹಿಡಿದ ಒಂದು ಕೈ. ಅದಕ್ಕೇ ಕಟ್ಟು ಹಾಕಿಸಿ, ಕುಂಕುಮ ಇಟ್ಟು, ಹೂ ಏರಿಸಿದರು. ಆ ಮನೆಯ ಗೋಡೆಯಲ್ಲಿ ಅದನ್ನು ನಾನೂ ನೋಡಿದ್ದೇನೆ. ಎರಡನೆಯ ಸಲ ಅತ್ತ ನೋಡಲಾಗಲಿಲ್ಲ. ನನಗೇ ಹಾಗಾದರೆ ಅವನಿಗೆ ಹೇಗಾಗಿರಬೇಕು, ಯೋಚನೆ ಮಾಡು.

ಅವನು ನೆಟ್ಟಗೆ ಪೇಟೆಗೆ ಹೋದ. ಅಲ್ಲಿ ಒಬ್ಬ ಗಡಿಯಾರ ರಿಪೇರಿಯವನಿದ್ದ. ಕ್ಯಾಮೆರಾ ಬಿಚ್ಚುವುದೂ ಅವನಿಗೆ ಬರುತ್ತಿತ್ತು. ಒಂದು ಕಣ್ಣಿಗೆ ಗಾಜು ಸಿಕ್ಕಿಸಿಕೊಂಡು, ಬಾಯಿತುಂಬ ಎಲೆಅಡಿಕೆ ಹಾಕಿಕೊಂಡು ಕೂರುವ ಮನುಷ್ಯ. ಬಾಯಿ ತುಂಬಿರುತ್ತಿದ್ದರಿಂದ ಮಾತು ಕಡಿಮೆ. ನಿನ್ನ ಹಾಗೆ ವ್ರತ ಹಿಡಿದದ್ದಲ್ಲ.

ಫೋಟೋಗ್ರಾಫರ್ ಕ್ಯಾಮೆರಾವನ್ನು ಅವನ ಮುಂದೆ ಇಟ್ಟ. "ನನಗೆ ಬೇಡದ್ದನ್ನೆಲ್ಲ ಕಿತ್ತುಹಾಕು. ಮೊದಲು ಈ ಹಾಳು ಲಿವರ್ ಕೀಳು. ಬಟನ್ ಒತ್ತಿದರೆ ಫೋಟೋ ಬೀಳಬೇಕು, ಅಷ್ಟೇ. ಇಲ್ಲದಿದ್ದರೆ ಇದನ್ನು ಪೆಟ್ಟಿಗೆಗೆ ಹಾಕಿ ಬೀಗ ಜಡಿಯುತ್ತೇನೆ. ಇನ್ನೊಂದು ಮನೆಯ ಗೋಡೆಗೆ ಸೆರಗು ತೂಗುಹಾಕುವ ಪಾಪ ನನಗೆ ಬೇಡ" ಎಂದ.

ರಿಪೇರಿಯವನಿಗೆ ತನ್ನದೇ ಒಂದು ರೀತಿ ಇತ್ತು. ಯಾರು ಏನು ಕೀಳು ಎಂದರೂ ಮೊದಲ ದಿನ ಸ್ಕ್ರೂಡ್ರೈವರ್ ಮುಟ್ಟುತ್ತಿರಲಿಲ್ಲ. ಎಲೆಅಡಿಕೆಯ ಪೆಟ್ಟಿಗೆಯಿಂದ ಚೂರು ಸುಣ್ಣ ತೆಗೆದ. ಅದಕ್ಕೆ ಒಂದು ಹನಿ ಗೋಂದು ಕಲಸಿದ. ಬಟನ್ನಿಗೆ ಒಂದು, ರೀಲು ಸುತ್ತುವ ಹಿಡಿಗೆ ಒಂದು, ಮೀಟರಿಗೆ ಒಂದು, ಲಿವರಿಗೆ ಒಂದು, ಹೀಗೆ ಬೆರಳು ತಾಗುವ ಹನ್ನೊಂದು ಕಡೆ ಸಾಸಿವೆಯಷ್ಟು ಬೊಟ್ಟು ಇಟ್ಟ. ಕ್ಯಾಮೆರಾ ಮದುಮಗಳಂತೆ ಕಂಡಿತು. ಫೋಟೋಗ್ರಾಫರನಿಗೆ ರೇಗಿತು. ನಾನು ಸಾಯುತ್ತಿದ್ದೇನೆ, ಇವನು ಅಲಂಕಾರ ಮಾಡುತ್ತಿದ್ದಾನಲ್ಲ ಎನಿಸಿತು.

"ಮೂರು ರೀಲು ತೆಗೆ. ಬೊಟ್ಟು ಒರೆಸಬೇಡ, ಉಳಿಸಲಿಕ್ಕೂ ಹೋಗಬೇಡ. ನಿನ್ನ ಕೆಲಸ ನೀನು ಮಾಡು. ಫೋಟೋಗಳನ್ನೂ ತಗೊಂಡು ಬಾ" ಎಂದು ಹೇಳಿ ರಿಪೇರಿಯವನು ಎಲೆ ಉಗಿಯಲು ಎದ್ದುಹೋದ.

ಮನಸ್ಸಿಲ್ಲದ ಮನಸ್ಸಿನಿಂದ ಇವನು ಮತ್ತೆ ಸೈಕಲ್ಲು ಹತ್ತಿದ. ಲಿವರ್ ಕಡೆ ಬೆರಳೂ ತೋರಿಸುವುದಿಲ್ಲ ಎಂದು ಆಣೆ ಮಾಡಿಕೊಂಡಿದ್ದ. ಬಟನ್ ಒತ್ತುವ ಮೊದಲು ಮೂರು ಸಲ ಅದನ್ನು ಬಗ್ಗಿ ನೋಡುತ್ತಿದ್ದ. ಮೂರು ರೀಲು ಮುಗಿಯಲು ಮೂರು ತಿಂಗಳು ಹಿಡಿಯಿತು.

ತಿರುಗಿ ಹೋದಾಗ ರಿಪೇರಿಯವನು ಕ್ಯಾಮೆರಾವನ್ನು ಬೆಳಕಿಗೆ ಹಿಡಿದ. ಮೀಟರಿನ ಬೊಟ್ಟು ಹಾಗೇ ಇತ್ತು. ಫ್ಲ್ಯಾಶ್ ತೂತಿನದು ಹಾಗೇ ಇತ್ತು. ಇನ್ನೂ ನಾಲ್ಕು ಬೊಟ್ಟು ಇಟ್ಟ ದಿನದಂತೆಯೇ ಇದ್ದವು. ಬಟನ್ನಿನದು ಅಳಿಸಿತ್ತು, ರೀಲು ಸುತ್ತುವ ಹಿಡಿಯದು ಅಳಿಸಿತ್ತು, ಲೆನ್ಸಿನ ಎರಡು ಬಳೆಗಳದ್ದೂ ಅಳಿಸಿತ್ತು. ಅದರಲ್ಲಿ ಆಶ್ಚರ್ಯವಿಲ್ಲ. ಆದರೆ ಎಲ್ಲಕ್ಕಿಂತ ಚೊಕ್ಕವಾಗಿ, ಸುಣ್ಣದ ಗುರುತೂ ಉಳಿಯದ ಹಾಗೆ ಸವೆದದ್ದು ಲಿವರಿನ ಬೊಟ್ಟು.

"ಅದು ಚೀಲಕ್ಕೆ ಉಜ್ಜಿರಬೇಕು" ಎಂದ ಫೋಟೋಗ್ರಾಫರ್.

ರಿಪೇರಿಯವನು ಫೋಟೋಗಳನ್ನು ಮೇಜಿನ ಮೇಲೆ ಹರಡಿದ. ಎಲ್ಲ ಮುದುಕರು. ಕೆಲವರು ಠಾಣೆಯಲ್ಲಿ ಹಾಜರಿ ಹಾಕಲು ಬಂದವರ ಹಾಗೆ ಕುಳಿತಿದ್ದರು. ಕೆಲವರು ನಗುತ್ತಿದ್ದರು. ನಗುತ್ತಿದ್ದವರನ್ನೆಲ್ಲ ಒಂದು ಕಡೆ ಸರಿಸಿಟ್ಟು ಕೇಳಿದ: "ಇವರು ಯಾಕೆ ನಕ್ಕರು?"

ಫೋಟೋಗ್ರಾಫರ್ ಒಂದೊಂದೇ ಫೋಟೋ ಎತ್ತಿ ನೋಡಿದ. ಮೊದಲ ಮುದುಕನನ್ನು ನೆನೆದ, ಎರಡನೆಯವಳನ್ನು ನೆನೆದ. ನೆನೆಯುತ್ತಿದ್ದ ಹಾಗೆ ಅವನ ಹೆಬ್ಬೆರಳು ತಾನಾಗಿ ಮೇಜಿನ ಮೇಲಿದ್ದ ಕ್ಯಾಮೆರಾದ ಕಡೆ ಹೋಯಿತು. ಲಿವರನ್ನು ಅರ್ಧ ಎಳೆದು ಬಿಟ್ಟಿತು. ಗರ್ರ್.

ಅವನು ತನ್ನ ಬೆರಳನ್ನೇ ನೋಡಿದ. ಆಗ ತಿಳಿಯಿತು. ಕ್ಯಾಮೆರಾ ಕಂಡು ಹೆದರಿದ ಮುದುಕರ ಮುಂದೆ ಅವನು ಪ್ರತಿ ಸಲವೂ ಇದನ್ನೇ ಮಾಡುತ್ತಿದ್ದ. ಅರ್ಧ ಎಳೆದರೆ ಲಿವರ್ ಸಿಕ್ಕಿಕೊಳ್ಳುವುದಿಲ್ಲ, ಬರೀ ಸದ್ದು ಮಾಡುತ್ತಾ ವಾಪಸು ಬರುತ್ತದೆ. ಒಳಗೆ ಜೀರುಂಡೆ ಇಟ್ಟಿದ್ದೀಯೇನೋ ಎಂದು ಮುದುಕರು ನಗುತ್ತಿದ್ದರು. ನಗುವಾಗ ಹೊಡೆಯುತ್ತಿದ್ದ. ಇಪ್ಪತ್ತು ವರ್ಷದಿಂದ ಕೈ ಮಾಡಿಕೊಂಡು ಬಂದದ್ದನ್ನು ಅವನು ಕೆಲಸವೆಂದೇ ಲೆಕ್ಕಕ್ಕೆ ಹಿಡಿದಿರಲಿಲ್ಲ. ಆಣೆ ಮಾಡಿದರೂ ಕೈ ಕೇಳಿರಲಿಲ್ಲ. ಅಂದು ಆ ಮುದುಕಿಯ ಮುಂದೆಯೂ ಒಂದು ಸಲ ಸದ್ದು ಮಾಡಿದ್ದ. ಅವಳು ನಕ್ಕಿದ್ದಳು. ಆ ನಗು ಚೆಂದ ಕಂಡಿತೆಂದು ಇನ್ನೊಂದು ಸಲ ಎಳೆದಿದ್ದ. ಎರಡನೆಯ ಸಲ ಬೆರಳು ಮುಂದೆ ಹೋಗಿತ್ತು.

ಅವನು ಅಲ್ಲೇ ಕುರ್ಚಿಯಲ್ಲಿ ಕುಳಿತು ಅತ್ತ. "ಹಾಗಾದರೆ ಅವಳನ್ನು ನಗಿಸಿದ್ದೂ ನಾನೇ, ಆ ನಗು ಕಳೆದದ್ದೂ ನಾನೇ" ಎಂದ. ರಿಪೇರಿಯವನು ಅವನಿಗೆ ನೀರು ಕೊಟ್ಟ. "ಕ್ಯಾಮೆರಾ ಬಿಟ್ಟುಹೋಗು" ಎಂದ.

ಇಲ್ಲಿಂದ ಮುಂದಿನದನ್ನು ಸರಿಯಾಗಿ ಕೇಳು. ನನಗೆ ಆ ರಿಪೇರಿಯವನ ಮೇಲೆ ಗೌರವ ಹುಟ್ಟಿದ್ದು ಇಲ್ಲಿ.

ಅವನು ಸತ್ತ ಮೀಟರ್ ತೆಗೆದ. ಅದರ ತಂತಿ ತೆಗೆದ. ಫ್ಲ್ಯಾಶಿನ ತೂತು ಕಿತ್ತು ಹಿತ್ತಾಳೆಯ ಬಿಲ್ಲೆ ಕೂರಿಸಿ, ಉಗುರು ಎಳೆದರೂ ಗೊತ್ತಾಗದ ಹಾಗೆ ಉಜ್ಜಿದ. ಬೊಟ್ಟು ಉಳಿದಿದ್ದ ಯಾವುದನ್ನೂ ಬಿಡಲಿಲ್ಲ. ಇದೆಲ್ಲ ಎರಡು ದಿನದ ಕೆಲಸ. ಆಮೇಲೆ ಲಿವರಿನ ಒಳಗೆ ನೋಡಿದ. ಹಲ್ಲಿನ ಚಕ್ರಗಳ ಹಿಂದೆ ಅಕ್ಕಿಕಾಳಿನಷ್ಟು ಒಂದು ಕೊಕ್ಕೆ ಇತ್ತು. ಲಿವರ್ ಕೊನೆಗೆ ಬಂದಾಗ ಹಿಡಿದುಕೊಂಡು, ಬಟನ್ನಿಗೆ ಅಡ್ಡ ನಿಲ್ಲುತ್ತಿದ್ದದ್ದು ಆ ಕೊಕ್ಕೆ. ಅದನ್ನು ತೆಗೆದ. ಲಿವರ್ ಹಾಗೇ ಉಳಿಯಿತು. ಎಷ್ಟು ಎಳೆದರೂ ಸಿಕ್ಕಿಕೊಳ್ಳದು, ಬಟನ್ನಿಗೆ ಅಡ್ಡ ಬಾರದು.

ಬೇರೆಯವನಾಗಿದ್ದರೆ ಅಲ್ಲಿಗೆ ಮುಚ್ಚಿ ಕೊಡುತ್ತಿದ್ದ. ಇವನು ಕಿವಿಯ ಹತ್ತಿರ ಹಿಡಿದು ಲಿವರ್ ಎಳೆದು ನೋಡಿದ. ಸದ್ದು ಬೇರೆಯಾಗಿತ್ತು. ಕೊಕ್ಕೆಯ ಭಾರ ಹೋದದ್ದರಿಂದ ಚಕ್ರ ಬೇಗ ತಿರುಗಿ, ಸದ್ದು ತೆಳ್ಳಗಾಗಿತ್ತು. ಅದಕ್ಕೆ ಯಾವ ಮುದುಕಿಯೂ ನಗುವುದಿಲ್ಲ ಎಂದು ಅವನಿಗೆ ಅನಿಸಿತು. ಮತ್ತೆ ಬಿಚ್ಚಿದ. ಹಿತ್ತಾಳೆಯ ಒಂದು ಚೂರನ್ನು ಅರದಿಂದ ತೀಡಿ ಚಕ್ರಕ್ಕೆ ತೂಕ ಕೊಟ್ಟ. ಹೆಚ್ಚಾಯಿತು. ತೀಡಿದ. ಕಡಿಮೆಯಾಯಿತು. ಹೊಸದು ಮಾಡಿದ. ಐದು ದಿನ ಬೇರೆ ಗಿರಾಕಿಗಳ ಗಡಿಯಾರ ಮುಟ್ಟಲಿಲ್ಲ. ಎಲ್ಲಿಗೂ ತಗುಲದ ಒಂದು ಲಿವರಿನ ಸದ್ದನ್ನು ಮೊದಲಿನಂತೆ ಮಾಡಲಿಕ್ಕೆ ಐದು ದಿನ. ಯಾರು ಮಾಡುತ್ತಾರೆ ಹೇಳು? ನಾನಾದರೆ ಮಾಡುತ್ತಿರಲಿಲ್ಲ.

ಫೋಟೋಗ್ರಾಫರ್ ಬಂದು ಕ್ಯಾಮೆರಾ ಎತ್ತಿಕೊಂಡ. ಅಂಗೈಗೆ ಹಗುರವಾಗಿತ್ತು. ಮೈಮೇಲೆ ಬೆರಳು ತಾಗುವ ಜಾಗ ಐದೇ ಐದು ಉಳಿದಿದ್ದವು, ಐದೂ ಅವನ ಬೆರಳಿಗೆ ಗೊತ್ತಿದ್ದವು. ರಿಪೇರಿಯವನು ಕಿತ್ತದ್ದನ್ನೆಲ್ಲ ಒಂದು ಕಾಗದದ ಪೊಟ್ಟಣದಲ್ಲಿ ಕಟ್ಟಿಕೊಟ್ಟ. ಕೊಕ್ಕೆಯನ್ನು ಮಾತ್ರ ಬೇರೆ ತೆಗೆದು ಅವನ ಅಂಗೈ ಮೇಲೆ ಇಟ್ಟ. "ತಪ್ಪು ಸದ್ದಿನದಲ್ಲ, ಇದರದು. ಈಗ ಲಿವರ್ ಎಳೆ, ಎಳೆದು ಬಟನ್ ಒತ್ತು" ಎಂದ.

ಅವನು ಎಳೆದ. ಗರ್ರ್ ಎಂದಿತು. ಅದೇ ಸದ್ದು, ಇಪ್ಪತ್ತು ವರ್ಷದ ಸದ್ದು. ಅದು ನಡೆಯುತ್ತಿರುವಾಗಲೇ ಬಟನ್ ಒತ್ತಿದ. ಆ ಕ್ಷಣಕ್ಕೇ ಟಕ್ ಎಂದಿತು. ಇನ್ನು ನಗು ಬಂದ ಮೇಲೆ ಕಾಯಬೇಕಾಗಿಲ್ಲ. ಅವನು ರಿಪೇರಿಯವನ ಎರಡೂ ಕೈಗಳನ್ನು ಹಿಡಿದು ಕಣ್ಣಿಗೆ ಒತ್ತಿಕೊಂಡ.

ಆಮೇಲೆ ಅವನು ಎಷ್ಟೋ ಊರು ಸುತ್ತಿದ. ಒಂದು ಸಲ ಈ ಮಠಕ್ಕೂ ಬಂದ. ನಮ್ಮ ಹಿರಿಯ ಗುರುಗಳಿಗೆ ಫೋಟೋ ಎಂದರೆ ಆಗುತ್ತಿರಲಿಲ್ಲ. ಕ್ಯಾಮೆರಾ ಕಂಡರೆ ಮುಖ ಕಲ್ಲು ಮಾಡಿಕೊಳ್ಳುತ್ತಿದ್ದರು. ಅವರಿಗೆ ಎಂಬತ್ತೆಂಟು. ಭಕ್ತರೆಲ್ಲ ಕಾಡಿಬೇಡಿ ಕೂರಿಸಿದರು. ನಾನು ಪಕ್ಕದಲ್ಲಿ ವಿಭೂತಿಯ ತಟ್ಟೆ ಹಿಡಿದು ನಿಂತಿದ್ದೆ. ಗರ್ರ್ ಎಂದಿತು. ಹಿರಿಯ ಗುರುಗಳು, "ಏನಯ್ಯಾ, ಅದಕ್ಕೂ ಹೊಟ್ಟೆ ಹಸಿದಿದೆಯೋ?" ಎಂದು ಕೇಳಿ ನಕ್ಕರು. ಅಷ್ಟರಲ್ಲಿ ಟಕ್ ಎಂದಿತು. ಮುಂದಿನ ಶಿವರಾತ್ರಿಯೊಳಗೆ ಅವರು ಲಿಂಗೈಕ್ಯರಾದರು.

ಗುರುಗಳು ಕತೆ ನಿಲ್ಲಿಸಿದರು.

ಮರುಳಸಿದ್ಧ ತಲೆ ಎತ್ತಿ ಎದುರು ಗೋಡೆಯ ಫೋಟೋ ನೋಡಿದ. ಎರಡು ವರ್ಷದಿಂದ ದಿನವೂ ಅದಕ್ಕೆ ಹೂ ಏರಿಸುತ್ತಿದ್ದವನು ಅವನೇ. ಹಣೆಯ ಮೇಲೆ ವಿಭೂತಿ, ಬಾಯಲ್ಲಿ ಮೂರು ಹಲ್ಲು, ಕಣ್ಣಿನಲ್ಲಿ ನೀರು ಬರುವಷ್ಟು ನಗು. ಈ ಮಠಕ್ಕೆ ಮೊದಲ ಸಲ ಹೆದರಿಕೊಂಡು ಬಂದ ದಿನ ಆ ಮುಖ ನೋಡಿಯೇ ಅವನು ಒಳಗೆ ಬಂದಿದ್ದ. ಅವರು ಯಾಕೆ ನಗುತ್ತಿದ್ದಾರೆ ಎಂದು ಯಾವತ್ತೂ ಕೇಳಿರಲಿಲ್ಲ.

ಅಂಗಳದ ನೆರಳು ಮೆಟ್ಟಿಲವರೆಗೆ ಬಂದಿತ್ತು. ಹೆಬ್ಬಾಗಿಲ ಕಲ್ಲಿನ ಮೇಲೆ ಅಜ್ಜಿಯ ಬೆನ್ನು ಕಾಣುತ್ತಿತ್ತು. ಅವಳು ಗಂಟನ್ನು ತೊಡೆಯ ಮೇಲೆ ಎತ್ತಿಟ್ಟುಕೊಂಡು ರಸ್ತೆಯ ಕಡೆ ನೋಡುತ್ತಿದ್ದಳು.

"ಹಾಗಾದರೆ ಅಪ್ಪಣೆ ಇಲ್ಲವೇ, ಬುದ್ಧಿ?" ಎಂದ ಮರುಳಸಿದ್ಧ ಮೆಲ್ಲಗೆ.

ಗುರುಗಳು ಕನ್ನಡಕ ತೆಗೆದು ಮತ್ತೆ ಒರೆಸತೊಡಗಿದರು.

"ಕೊಟ್ಟೆನೆಂದೇ ಇಟ್ಟುಕೋ, ಹಸಿದು ಕೂತ ಆ ಅಜ್ಜಿಯನ್ನು ಊಟಕ್ಕೆ ಕರೆಯುವವರು ಯಾರು?"